ಟ್ಯಾಂಕರ್‌ನಲ್ಲಿದ್ದದ್ದು ಯಾವ ಅನಿಲ?

ಮಾನ್ಯ ಸಂಪಾದಕರೇ,

ತೈಲ ಮತ್ತು ಅನಿಲ ಉದ್ಯಮದ ಸುದ್ದಿಗಳು ಈಗ ಪತ್ರಿಕೆಯ ವಾಣಿಜ್ಯ ಪುಟದಲ್ಲಷ್ಟೇ ಕಾಣುವುದಿಲ್ಲ. ಹೆದ್ದಾರಿಯಲ್ಲಿ ಟ್ಯಾಂಕರ್ ಉರುಳಿದರೆ ಜಿಲ್ಲಾ ಪುಟಕ್ಕೂ, ಬಡಾವಣೆಯಲ್ಲಿ ಗ್ಯಾಸ್ ಪೈಪು ಹೂಳಲು ರಸ್ತೆ ಅಗೆದರೆ ನಗರದ ಪುಟಕ್ಕೂ, ಪಶ್ಚಿಮ ಏಷ್ಯಾದಲ್ಲಿ ಯುದ್ಧದ ಮಾತು ಎದ್ದರೆ ಮುಖಪುಟಕ್ಕೂ ಅವು ಬರುತ್ತವೆ. ಆದರೆ ಉದ್ಯಮದೊಳಗೆ ಖಚಿತವಾದ ಅರ್ಥವಿರುವ ಪದಗಳು ನಮ್ಮ ಪುಟಗಳನ್ನು ತಲುಪುವ ಹೊತ್ತಿಗೆ ಒಂದರ ಜಾಗದಲ್ಲಿ ಇನ್ನೊಂದು ಕೂತು, ಸುದ್ದಿಯ ತಿರುಳನ್ನೇ ಬದಲಿಸಿಬಿಟ್ಟಿರುವುದನ್ನು ಹಲವು ಸಲ ಕಂಡಿದ್ದೇನೆ. ಗುಜರಾತ್ ಮತ್ತು ಅಸ್ಸಾಂಗಳ ತೈಲ ಕ್ಷೇತ್ರಗಳಲ್ಲಿ ಬಾವಿ ಕೊರೆಯುವ ರಿಗ್‌ಗಳ ಮೇಲೆ ಕೆಮಿಸ್ಟ್ ಆಗಿ ದುಡಿದು ಈಗ ಮಾಲೂರಿನಲ್ಲಿ ನೆಲೆಸಿರುವ ನನಗೆ ಇದನ್ನು ಭಾಷಾಶುದ್ಧಿಯ ಪ್ರಶ್ನೆಯೆಂದು ಬದಿಗಿಡಲು ಆಗುತ್ತಿಲ್ಲ. ಈ ಪದಗಳು ಓದುಗರ ಸುರಕ್ಷತೆಗೂ ಜೇಬಿಗೂ ಸಂಬಂಧಪಟ್ಟವು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಅತಿ ಹೆಚ್ಚು ಗೊಂದಲವಿರುವುದು ‘ಅನಿಲ’ ಎಂಬ ಪದದಲ್ಲಿ. ಸಿಲಿಂಡರಿನಲ್ಲಿ ಮನೆಗೆ ಬರುವ ಎಲ್‌ಪಿಜಿ, ನೆಲದೊಳಗಿನ ಪೈಪಿನಲ್ಲಿ ಬರುವ ಪಿಎನ್‌ಜಿ, ಬಂಕಿನಲ್ಲಿ ಆಟೊಗಳಿಗೆ ತುಂಬಿಸುವ ಸಿಎನ್‌ಜಿ, ಕತಾರಿನಂಥ ದೇಶಗಳಿಂದ ಹಡಗಿನಲ್ಲಿ ಬರುವ ಎಲ್‌ಎನ್‌ಜಿ, ಈ ನಾಲ್ಕನ್ನೂ ನಮ್ಮ ಸುದ್ದಿಗಳು ‘ಅನಿಲ’ ಎಂದೇ ಕರೆಯುತ್ತವೆ. ಮೊದಲೆರಡಕ್ಕೆ ‘ಅಡುಗೆ ಅನಿಲ’ ಎಂಬ ಇನ್ನೊಂದು ಹೆಸರೂ ಉಂಟು. ವಾಸ್ತವದಲ್ಲಿ ಕೊನೆಯ ಮೂರೂ ಒಂದೇ ವಸ್ತು, ಮೊದಲನೆಯದು ಬೇರೆ. ಪಿಎನ್‌ಜಿ, ಸಿಎನ್‌ಜಿ, ಎಲ್‌ಎನ್‌ಜಿ ಮೂರೂ ನೈಸರ್ಗಿಕ ಅನಿಲ, ಅಂದರೆ ಬಹುಪಾಲು ಮೀಥೇನ್. ಅದು ಒಲೆಗೆ ಸುಮಾರು 21 ಮಿಲಿಬಾರ್‌ನಷ್ಟು ಅಲ್ಪ ಒತ್ತಡದಲ್ಲಿ ಬಂದರೆ ಪಿಎನ್‌ಜಿ, ವಾಹನದ ಸಿಲಿಂಡರಿಗೆ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿಸಿದರೆ ಸಿಎನ್‌ಜಿ, ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿಸಿ ದ್ರವ ಮಾಡಿದರೆ ಎಲ್‌ಎನ್‌ಜಿ. ದ್ರವವಾದಾಗ ಅದರ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುವುದರಿಂದಲೇ ಹಡಗಿನಲ್ಲಿ ತರುವುದು ಗಿಟ್ಟುತ್ತದೆ. ಎಲ್‌ಪಿಜಿಯಾದರೋ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಸಾಧಾರಣ ಒತ್ತಡದಲ್ಲೇ ದ್ರವವಾಗುವ ಗುಣ ಅದಕ್ಕಿರುವುದರಿಂದ ನಮ್ಮ ಮನೆಯ 14.2 ಕಿಲೊ ಸಿಲಿಂಡರಿನಲ್ಲಿ ಅದು ಹಿಡಿಸುತ್ತದೆ.

ಇವೆರಡರ ಮುಖ್ಯ ವ್ಯತ್ಯಾಸ ತೂಕದಲ್ಲಿದೆ. ಎಲ್‌ಪಿಜಿಯ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ನೆಲಕ್ಕೆ ಇಳಿಯುತ್ತದೆ, ಬಚ್ಚಲ ಮೋರಿಗೆ, ಚರಂಡಿಗೆ, ತಗ್ಗಿನ ಕೋಣೆಗೆ ಹರಿದುಹೋಗಿ ಅಲ್ಲಿಯೇ ಮಡುಗಟ್ಟುತ್ತದೆ. ಮೀಥೇನ್ ಗಾಳಿಯ ತೂಕದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇರುವುದರಿಂದ ಮೇಲೇರಿ ಚಾವಣಿಯ ಕೆಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಎಲ್‌ಪಿಜಿ ಬಳಸುವ ಅಡುಗೆಮನೆಯಲ್ಲಿ ಗಾಳಿಕಿಂಡಿ ಇರಬೇಕಾದದ್ದು ನೆಲದ ಹತ್ತಿರ, ಪಿಎನ್‌ಜಿ ಬಳಸುವಲ್ಲಿ ಚಾವಣಿಯ ಹತ್ತಿರ. ಸೋರಿಕೆ ಪತ್ತೆಮಾಡುವ ಉಪಕರಣವನ್ನು ಕೂರಿಸುವ ಎತ್ತರವೂ ಹಾಗೆಯೇ ಬದಲಾಗುತ್ತದೆ. ಎರಡಕ್ಕೂ ಸ್ವಂತ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲೆಂದು ಮರ್ಕ್ಯಾಪ್ಟನ್‌ನಂಥ ಗಂಧಕದ ಸಂಯುಕ್ತವನ್ನು ಬೆರೆಸುವುದರಿಂದ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ನಾರುತ್ತವೆ, ಆದ್ದರಿಂದ ಮೂಗಿನಿಂದ ವ್ಯತ್ಯಾಸ ತಿಳಿಯುವಂತಿಲ್ಲ. ಒಲೆಯ ವಿಷಯದಲ್ಲಿಯೂ ಎರಡೂ ಬೇರೆಯೇ: ಸಿಲಿಂಡರಿನ ಒಲೆಗೆ ಪೈಪಿನ ಅನಿಲ ಕೊಡುವ ಮುನ್ನ ಬರ್ನರಿನ ಜೆಟ್ ಬದಲಿಸಲೇಬೇಕು. ಮನೆಯಲ್ಲಿ ಅನಿಲ ಸೋರಿ ಅನಾಹುತವಾದ ವರದಿಯಲ್ಲಿ ಅದು ಸಿಲಿಂಡರಿನದೋ ಪೈಪಿನದೋ ಎಂದು ಹೇಳದೆ ಬಿಟ್ಟರೆ, ಓದುಗ ತನ್ನ ಮನೆಯಲ್ಲಿ ಯಾವುದನ್ನು ಸರಿಪಡಿಸಿಕೊಳ್ಳಬೇಕೆಂದು ಹೇಗೆ ತಿಳಿಯಬೇಕು?

ಟ್ಯಾಂಕರ್ ಅಪಘಾತದ ವರದಿಗಳಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಕೋಲಾರ, ಮುಳಬಾಗಿಲುಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಪಶ್ಚಿಮದ ತುದಿಯಲ್ಲಿ, ದಕ್ಷಿಣ ಕನ್ನಡದ ಪೆರ್ನೆಯಲ್ಲಿ, 2013ರ ಏಪ್ರಿಲ್‌ನಲ್ಲಿ ಎಲ್‌ಪಿಜಿ ಟ್ಯಾಂಕರೊಂದು ಉರುಳಿ ಹೊತ್ತಿಕೊಂಡು ಹಲವರು ಪ್ರಾಣ ಕಳೆದುಕೊಂಡದ್ದು ನೆನಪಿರಬಹುದು. ಎಲ್‌ಪಿಜಿ ಟ್ಯಾಂಕರ್ ಸೋರಿದಾಗ ಆವಿ ರಸ್ತೆಯ ಮಟ್ಟದಲ್ಲೇ ತಗ್ಗಿನ ಕಡೆಗೆ ಹರಡಿ, ಬಹುದೂರದ ಒಲೆಯ ಕಿಡಿಗೂ ಹೊತ್ತಿಕೊಳ್ಳಬಲ್ಲದು. ಆಗ ಜನ ಗಾಳಿಗೆದುರಾಗಿ, ಎತ್ತರದ ಕಡೆಗೆ ಸರಿಯಬೇಕು. ಪೆಟ್ರೋಲ್, ಡೀಸೆಲ್ ಟ್ಯಾಂಕರ್‌ಗಳು ಸೋರಿದಾಗ ನಡೆದುಕೊಳ್ಳಬೇಕಾದ ರೀತಿ ಬೇರೆ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ, ಮಂಗಳೂರಿನಿಂದ ಹಾಸನದ ಮೂಲಕ ಬರುವ ಪೈಪ್‌ಲೈನ್ ಕೊನೆಗೊಳ್ಳುವ ಕಡೆ, ದೊಡ್ಡ ತೈಲ ಡಿಪೊಗಳಿರುವುದರಿಂದ ನಮ್ಮ ಮಾಲೂರು ಸುತ್ತಿನ ರಸ್ತೆಗಳಲ್ಲಿ ಟ್ಯಾಂಕರ್‌ಗಳ ಓಡಾಟ ದಿನನಿತ್ಯದ ಸಂಗತಿ. ವರದಿಗಾರರಿಗೆ ನಾನು ಹೇಳಬಯಸುವ ಸುಲಭ ಉಪಾಯವೊಂದಿದೆ. ಅಪಾಯಕಾರಿ ಸರಕು ಸಾಗಿಸುವ ಪ್ರತಿ ವಾಹನದ ಮೇಲೂ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತುರ್ತು ಮಾಹಿತಿ ಫಲಕ ಇರಬೇಕು, ಅದರಲ್ಲಿ ನಾಲ್ಕಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತದೆ. 1075 ಎಂದಿದ್ದರೆ ಎಲ್‌ಪಿಜಿ, 1971 ಒತ್ತಿ ತುಂಬಿದ ನೈಸರ್ಗಿಕ ಅನಿಲ, 1972 ಎಲ್‌ಎನ್‌ಜಿ, 1203 ಪೆಟ್ರೋಲ್, 1202 ಡೀಸೆಲ್. ದೂರದಿಂದ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೂ ಆ ಅಂಕಿ ಓದಲು ಸಿಗುತ್ತದೆ, ಹತ್ತಿರ ಹೋಗುವ ಗೊಡವೆಯೇ ಬೇಡ. ವರದಿಯ ಮೊದಲ ಸಾಲಿನಲ್ಲೇ ‘ಅನಿಲ ಟ್ಯಾಂಕರ್’ ಎನ್ನುವ ಬದಲು ವಸ್ತುವಿನ ಹೆಸರನ್ನು ಬರೆಯಲು ಅಷ್ಟು ಸಾಕು.

ಇದೇ ಪದದ ಬಗ್ಗೆ ಇನ್ನೊಂದು ಸಣ್ಣ ಮಾತು. ಅಮೆರಿಕದವರು ಪೆಟ್ರೋಲಿಗೆ ‘ಗ್ಯಾಸ್’ ಎನ್ನುತ್ತಾರೆ. ಸುದ್ದಿಸಂಸ್ಥೆಗಳ ವರದಿಯನ್ನು ಅವಸರದಲ್ಲಿ ಕನ್ನಡಕ್ಕೆ ತರುವಾಗ ‘ಅಮೆರಿಕದಲ್ಲಿ ಅನಿಲದ ದರ ಗ್ಯಾಲನ್‌ಗೆ ಇಷ್ಟು’ ಎಂದು ಅಚ್ಚಾಗುವುದುಂಟು. ಗ್ಯಾಲನ್ ಲೆಕ್ಕ ಕಂಡೊಡನೆ ಅದು ಪೆಟ್ರೋಲೇ ಇರಬೇಕೆಂದು ಡೆಸ್ಕಿನಲ್ಲಿ ಯಾರಿಗಾದರೂ ಅನುಮಾನ ಬರಬೇಡವೇ?

ಇನ್ನು ಕೊರೆಯುವ ಕೆಲಸದ ಪದಗಳು. ಇವುಗಳ ವಿಷಯದಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಗೆ ಸಾಲ ಮಾಡಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ; ತಿರುಚೆಂಗೋಡಿನ ರಿಗ್ ಲಾರಿಯ ಸದ್ದು ಕೇಳಿ ಬೆಳೆದ ಹುಡುಗರಿಗೆ ರಿಗ್, ಬಿಟ್, ರಾಡ್, ಕೇಸಿಂಗ್ ಎಂಬ ಪದಗಳು ಮನೆಮಾತು. ಹೀಗಿರುವಾಗ ತೈಲದ ಸುದ್ದಿಯಲ್ಲಿ ರಿಗ್ಗನ್ನು ‘ಕೊರೆಯುವ ಸ್ಥಾವರ’ವೆಂದೂ ಕೇಸಿಂಗನ್ನು ‘ಕವಚ’ವೆಂದೂ ಬರೆದು ಯಾರಿಗೆ ಉಪಕಾರವಾಗುತ್ತದೆಯೋ ತಿಳಿಯದು. ಕೊಳವೆಬಾವಿಗೂ ತೈಲಬಾವಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಹೇಳುವುದಾದರೆ, ನಮ್ಮ ಗಟ್ಟಿ ಬಂಡೆಯಲ್ಲಿ ಕಂಪ್ರೆಸರಿನ ಗಾಳಿಯೇ ಕಲ್ಲಿನ ಪುಡಿಯನ್ನು ಮೇಲಕ್ಕೆ ಎತ್ತಿ ತರುತ್ತದೆ. ಪದರಶಿಲೆಗಳಲ್ಲಿ ಕಿಲೊಮೀಟರುಗಟ್ಟಲೆ ಇಳಿಯುವ ತೈಲಬಾವಿಯಲ್ಲಿ ಆ ಕೆಲಸವನ್ನು ‘ಮಡ್’ ಮಾಡುತ್ತದೆ.

ಮಡ್ಡಿನ ವಿಷಯ ಬಂದರೆ ನನ್ನ ಪತ್ರ ಉದ್ದವಾಗುವುದು ಸಹಜ, ಏಕೆಂದರೆ ಅದೇ ನನ್ನ ಅನ್ನ. ಇದನ್ನು ‘ಕೆಸರು’ ಎಂದು ಅನುವಾದಿಸಿದ್ದನ್ನು ಓದಿದಾಗ ನಗು ಬಂದರೂ ಒಳಗೇ ಸಂಕಟವಾಯಿತು. ನೀರಿಗೆ ಅಥವಾ ತೈಲಕ್ಕೆ ಬೆಂಟೊನೈಟ್ ಜೇಡಿಯನ್ನೂ ತೂಕ ಹೆಚ್ಚಿಸಲು ಬರೈಟ್ ಎಂಬ ಭಾರದ ಖನಿಜವನ್ನೂ ಬೇರೆ ಬೇರೆ ರಾಸಾಯನಿಕಗಳನ್ನೂ ಅಳತೆಯಿಟ್ಟು ಬೆರೆಸಿ ತಯಾರಿಸುವ ದ್ರವ ಅದು. ಪೈಪಿನೊಳಗಿಂದ ಇಳಿದು ಕಲ್ಲು ಕೊರೆಯುವ ಬಿಟ್ಟಿನ ಬಾಯಿಂದ ಹೊರಬಂದು, ಆ ಬಿಟ್ಟನ್ನು ತಂಪಾಗಿಸಿ, ಕೊರೆದ ಕಲ್ಲಿನ ಚೂರುಗಳನ್ನು ಹೊತ್ತುಕೊಂಡು ಪೈಪಿನ ಹೊರಗಿನ ಸಂದಿಯಲ್ಲಿ ಮೇಲೆ ಬರುತ್ತದೆ. ಅದಕ್ಕಿಂತ ಮುಖ್ಯವಾದ ಕೆಲಸವೆಂದರೆ, ಬಾವಿಯ ತುಂಬ ನಿಂತ ಅದರ ತೂಕವೇ ಕೆಳಗಿನ ಶಿಲೆಯಲ್ಲಿರುವ ಅನಿಲದ ಒತ್ತಡವನ್ನು ಅದುಮಿ ಹಿಡಿಯುತ್ತದೆ. ತೂಕ ಕಡಿಮೆಯಾದರೆ ಅನಿಲ ಬಾವಿಯೊಳಕ್ಕೆ ನುಗ್ಗುತ್ತದೆ, ಅದಕ್ಕೆ ‘ಕಿಕ್’ ಎಂದು ಹೆಸರು. ಹೆಚ್ಚಾದರೆ ಶಿಲೆಯೇ ಬಿರುಕುಬಿಟ್ಟು ಮಡ್ ಒಳಗೆ ಸೋರಿಹೋಗುತ್ತದೆ. ಕಿಕ್ ಕಂಡೊಡನೆ ಬಾವಿಯ ಬಾಯಲ್ಲಿ ಕೂರಿಸಿರುವ ಬ್ಲೋಔಟ್ ಪ್ರಿವೆಂಟರ್ ಎಂಬ ದೈತ್ಯ ಕವಾಟಗಳನ್ನು ಮುಚ್ಚಬೇಕು. ಅದೂ ಸೋತರೆ ಆಗುವುದು ಬ್ಲೋಔಟ್.

ಈ ಬ್ಲೋಔಟ್ ಅನ್ನು ಕನ್ನಡದ ಬಹುತೇಕ ವರದಿಗಳು ‘ಸ್ಫೋಟ’ ಎಂದು ಬರೆಯುತ್ತವೆ. ಅಸ್ಸಾಂನ ತಿನ್ಸುಕಿಯಾ ಜಿಲ್ಲೆಯ ಬಾಗ್‌ಜಾನ್‌ನಲ್ಲಿ 2020ರ ಮೇ 27ರಂದು ಬ್ಲೋಔಟ್ ಆಯಿತು; ಅಲ್ಲಿಂದಾಚೆಗೆ ಅನಿಲ ಹಗಲಿರುಳು ಚಿಮ್ಮಿತು, ಸುತ್ತಲಿನ ಹಳ್ಳಿಗಳ ಜನ ಮನೆ ಬಿಟ್ಟರು, ಮಾಗುರಿ ಜೌಗುಪ್ರದೇಶದ ನೀರಿನ ಮೇಲೆ ತೈಲದ ಪದರ ಕಟ್ಟಿತು. ಬೆಂಕಿ ಹೊತ್ತಿಕೊಂಡದ್ದು ಜೂನ್ 9ರಂದು, ಅಂದರೆ ಸುಮಾರು ಎರಡು ವಾರದ ನಂತರ. ಬಾವಿ ಪೂರ್ತಿ ಹತೋಟಿಗೆ ಬರುವಷ್ಟರಲ್ಲಿ ನವೆಂಬರ್ ಆಗಿತ್ತು. ಮೊದಲ ದಿನದ ಘಟನೆಯನ್ನೇ ‘ಸ್ಫೋಟ’ ಎಂದು ಬರೆದ ಮೇಲೆ, ಆ ಎರಡು ವಾರ ಏನು ನಡೆಯುತ್ತಿತ್ತು, ಬೆಂಕಿ ಬೀಳದಂತೆ ತಡೆಯಲು ಅವಕಾಶವಿತ್ತೇ ಎಂಬ ಪ್ರಶ್ನೆಗಳು ಓದುಗನ ಮನಸ್ಸಿನಲ್ಲಿ ಏಳುವುದಕ್ಕೇ ಜಾಗ ಉಳಿಯುವುದಿಲ್ಲ. ಆಂಧ್ರದ ಪಾಶರ್ಲಪೂಡಿಯಲ್ಲಿ 1995ರಲ್ಲಿ ಎರಡು ತಿಂಗಳಿಗೂ ಮೀರಿ ಉರಿದ ಬಾವಿಯ ವಿಷಯದಲ್ಲಿಯೂ ಇದೇ ಪದ ಬಳಕೆಯಾಗಿತ್ತು. ಬ್ಲೋಔಟ್ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ‘ಬಾವಿ ಹತೋಟಿ ತಪ್ಪಿ ಚಿಮ್ಮುವುದು’ ಎಂದು ಒಂದು ಸಲ ವಿವರಿಸಿದರೆ ಮುಗಿಯಿತು.

ರಿಗ್ಗಿನವರ ಆಡುಮಾತಿನ ಪದಗಳನ್ನು ಅಕ್ಷರಶಃ ಇಳಿಸುವುದರಿಂದ ಆಗುವ ತಮಾಷೆಗಳು ಬೇರೆ ಇವೆ. ‘ಕ್ರಿಸ್‌ಮಸ್ ಟ್ರೀ’ ಎಂದರೆ ಉತ್ಪಾದನೆ ಆರಂಭಿಸಿದ ಬಾವಿಯ ಮೇಲೆ ಕೂರಿಸುವ ಕವಾಟಗಳ ಜೋಡಣೆ, ‘ಪಿಗ್’ ಎಂದರೆ ಪೈಪ್‌ಲೈನಿನೊಳಗೆ ತೈಲದ ಒತ್ತಡದಿಂದಲೇ ಸಾಗಿ ಅದನ್ನು ಶುಚಿಮಾಡುವ ಅಥವಾ ತಪಾಸಣೆ ಮಾಡುವ ಸಾಧನ, ‘ಫಿಶಿಂಗ್’ ಎಂದರೆ ಮುರಿದು ಬಾವಿಯೊಳಗೆ ಬಿದ್ದ ಪೈಪನ್ನೋ ಉಪಕರಣವನ್ನೋ ಮೇಲೆತ್ತುವುದು. ಕೊಳವೆಬಾವಿಯಲ್ಲಿ ಮೋಟಾರು ಕಳಚಿ ಬಿದ್ದರೆ ಅದನ್ನು ಎತ್ತುವವರು ನಮ್ಮಲ್ಲಿಯೂ ಇದ್ದಾರೆ, ಅವರು ಮೀನಿನ ಮಾತಾಡುವುದಿಲ್ಲ.

ಹೆಚ್ಚು ಗಂಭೀರವಾದ ತಪ್ಪು ‘ನಿಕ್ಷೇಪ’ ಎಂಬ ಪದದ ಸುತ್ತ ನಡೆಯುತ್ತಿದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಬಂಡೆಗುಹೆಗಳನ್ನು ಕೊರೆದು ತುರ್ತು ಕಾಲಕ್ಕೆಂದು ತೈಲ ಶೇಖರಿಸಿಡಲಾಗಿದೆ. ವಿಶಾಖಪಟ್ಟಣದ ಇಂಥದೇ ಗುಹೆ 13.3 ಲಕ್ಷ ಟನ್ನಿನದು. ಇವು ಹೊರದೇಶದಿಂದ ತಂದು ತುಂಬಿದ ದಾಸ್ತಾನು. ಇವನ್ನು ‘ತೈಲ ನಿಕ್ಷೇಪ’ ಎಂದು ಬರೆದರೆ ಕರಾವಳಿಯಲ್ಲಿ ತೈಲ ಸಿಕ್ಕಿತೆಂದೇ ಓದುಗ ತಿಳಿಯುತ್ತಾನೆ. ‘ದಾಸ್ತಾನು’ ಎಂಬ ಸೊಗಸಾದ ಪದ ನಮ್ಮಲ್ಲಿ ರೇಷನ್ ಅಂಗಡಿಯ ಬೋರ್ಡಿನಿಂದ ಹಿಡಿದು ಎಲ್ಲೆಡೆ ಇರುವಾಗ ನಿಕ್ಷೇಪವೇಕೆ?

ನಿಜವಾದ ನಿಕ್ಷೇಪದ ಸುದ್ದಿಯಲ್ಲಿಯೂ ಪದರಗಳಿವೆ. ಶಿಲೆಯೊಳಗೆ ಒಟ್ಟು ಇರಬಹುದಾದ ತೈಲ ಅಥವಾ ಅನಿಲ ಒಂದು ಲೆಕ್ಕ. ಅದರಲ್ಲಿ ಈಗಿನ ತಂತ್ರಜ್ಞಾನದಿಂದ, ಈಗಿನ ಬೆಲೆಗೆ, ಲಾಭವಾಗುವಂತೆ ಮೇಲೆ ತೆಗೆಯಬಹುದಾದದ್ದು ಇನ್ನೊಂದು ಲೆಕ್ಕ. ಉದ್ಯಮದಲ್ಲಿ ‘ರಿಸರ್ವ್’ ಎಂದರೆ ಈ ಎರಡನೆಯದು ಮಾತ್ರ, ಅದರಲ್ಲಿಯೂ ಶೇ 90ರಷ್ಟು ಸಂಭವವಿರುವುದಕ್ಕೆ ‘ಪ್ರೂವ್ಡ್’ ಎಂಬ ವಿಶೇಷಣ ಸಲ್ಲುತ್ತದೆ. ತೈಲದ ವಿಷಯದಲ್ಲಿ ಶಿಲೆಯಲ್ಲಿರುವುದರ ಮೂರನೆಯ ಒಂದು ಭಾಗ ಮೇಲೆ ಬಂದರೆ ಅದೇ ಒಳ್ಳೆಯ ಬಾವಿ. 2005ರಲ್ಲಿ ಕೃಷ್ಣಾ–ಗೋದಾವರಿ ಬೇಸಿನ್ನಿನ ಸಮುದ್ರದಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಸಿಕ್ಕಿದೆಯೆಂದು ಗುಜರಾತ್ ಸರ್ಕಾರದ ಕಂಪನಿಯ ಪರವಾಗಿ ಘೋಷಣೆಯಾದಾಗ ಪತ್ರಿಕೆಗಳು ಅದನ್ನು ದೇಶದ ಭಾಗ್ಯವೆಂಬಂತೆ ಪ್ರಕಟಿಸಿದವು. ಮುಂದೆ ಅಭಿವೃದ್ಧಿ ಯೋಜನೆಯ ಹಂತಕ್ಕೆ ಬರುವಾಗ ತೆಗೆಯಬಹುದಾದ ಪ್ರಮಾಣ ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಮೊದಲ ದಿನವೇ ‘ಇದು ಶಿಲೆಯಲ್ಲಿರಬಹುದಾದ ಅಂದಾಜೋ, ತೆಗೆಯಬಹುದಾದ ಪ್ರಮಾಣವೋ’ ಎಂಬ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಶೀರ್ಷಿಕೆ ಅಷ್ಟು ದಪ್ಪವಾಗುತ್ತಿರಲಿಲ್ಲ. ಅಂದಹಾಗೆ, ಈ ‘ಬೇಸಿನ್’ ಅನ್ನು ‘ಜಲಾನಯನ ಪ್ರದೇಶ’ ಎಂದು ಬರೆಯುವುದೂ ತಪ್ಪು. ಜಲಾನಯನ ಎಂದರೆ ಮಳೆನೀರು ನದಿಗೆ ಹರಿದು ಸೇರುವ ಭೂಭಾಗ. ಕೃಷ್ಣೆಯ ಜಲಾನಯನದಲ್ಲಿ ನಮ್ಮ ವಿಜಯಪುರ, ಬಾಗಲಕೋಟೆಗಳೂ ಬರುತ್ತವೆ. ತೈಲದವರು ಹೇಳುವ ಬೇಸಿನ್ ಎಂದರೆ ಕೋಟ್ಯಂತರ ವರ್ಷಗಳ ಹೂಳು ಪದರಪದರವಾಗಿ ತುಂಬಿ ಕಲ್ಲಾದ ತಗ್ಗು, ಅದು ಆ ನದಿಗಳ ಮುಖಜಭೂಮಿಯಲ್ಲಿಯೂ ಅದರಾಚೆಯ ಸಮುದ್ರದ ತಳದಲ್ಲಿಯೂ ಇದೆ.

ಅಳತೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬ್ಯಾರೆಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್; ನಾವು ನೋಡುವ 200 ಲೀಟರಿನ ಡ್ರಮ್ಮಿಗೂ ಅದಕ್ಕೂ ಸಂಬಂಧವಿಲ್ಲ, ಕಚ್ಚಾ ತೈಲವನ್ನು ಈಗ ಪೀಪಾಯಿಯಲ್ಲಿ ಸಾಗಿಸುವುದೂ ಇಲ್ಲ. ವಿದೇಶಿ ಸುದ್ದಿ ‘ದಿನಕ್ಕೆ ಇಷ್ಟು ಬ್ಯಾರೆಲ್’ ಎನ್ನುತ್ತದೆ, ನಮ್ಮ ಸರ್ಕಾರ ‘ವರ್ಷಕ್ಕೆ ಇಷ್ಟು ಟನ್’ ಎನ್ನುತ್ತದೆ. ದಿನಕ್ಕೆ ಒಂದು ಬ್ಯಾರೆಲ್ ಎಂದರೆ ವರ್ಷಕ್ಕೆ ಸುಮಾರು 50 ಟನ್ ಎಂದು ಡೆಸ್ಕಿನ ಗೋಡೆಗೆ ಬರೆದು ಅಂಟಿಸಿಕೊಂಡರೆ, ಮಂಗಳೂರಿನ ಶುದ್ಧೀಕರಣಾಗಾರದ 1.5 ಕೋಟಿ ಟನ್ನೂ ದಿನಕ್ಕೆ 3 ಲಕ್ಷ ಬ್ಯಾರೆಲ್ಲೂ ಒಂದೇ ಎಂದು ತಕ್ಷಣ ತಿಳಿಯುತ್ತದೆ. ಅನಿಲದ ಅಳತೆಯಲ್ಲಿ ಬರುವ ‘ಎಂಎಂ’ ಎಂಬ ಜೋಡಿ ಅಕ್ಷರ ಹತ್ತು ಲಕ್ಷವನ್ನು ಸೂಚಿಸುತ್ತದೆ. ಈ ಉದ್ಯಮದ ಹಳೆಯ ರೂಢಿಯಲ್ಲಿ ಒಂಟಿ ‘ಎಂ’ ಎಂದರೆ ಬರೀ ಸಾವಿರ, ಅದನ್ನು ಮಿಲಿಯನ್ ಎಂದುಕೊಂಡರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ.

ಬೆಲೆಯ ಸುದ್ದಿಗಳಲ್ಲಿ ಯಾವ ತೈಲದ ಬೆಲೆ ಎಂದು ಹೇಳುವುದು ಅಳತೆಯಷ್ಟೇ ಮುಖ್ಯ. 2020ರ ಏಪ್ರಿಲ್ 20ರಂದು ತೈಲದ ಬೆಲೆ ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್‌ಗೆ ಮೈನಸ್ 37.63 ಡಾಲರ್ ಆದಾಗ, ‘ಹಾಗಾದರೆ ನಮಗೇಕೆ ಪೆಟ್ರೋಲ್ ಅಗ್ಗವಾಗಲಿಲ್ಲ’ ಎಂದು ಕೇಳದವರಿಲ್ಲ. ಅಂದು ಕುಸಿದದ್ದು ಅಮೆರಿಕದ ಡಬ್ಲ್ಯುಟಿಐ ತೈಲದ ಮೇ ತಿಂಗಳ ಮುಂಗಡ ಒಪ್ಪಂದದ ಬೆಲೆ. ಆ ಒಪ್ಪಂದದ ತೈಲವನ್ನು ಓಕ್ಲಹೋಮಾದ ಕುಶಿಂಗ್ ಎಂಬಲ್ಲಿ ಇಳಿಸಿಕೊಳ್ಳಬೇಕಿತ್ತು, ಅಲ್ಲಿ ತುಂಬಿಸಿಡಲು ಟ್ಯಾಂಕ್‌ಗಳಲ್ಲಿ ಜಾಗವಿರಲಿಲ್ಲ, ಆದ್ದರಿಂದ ಒಪ್ಪಂದ ಹಿಡಿದವರು ಕೈಯಿಂದ ಹಣ ಕೊಟ್ಟು ಕಳಚಿಕೊಂಡರು. ಅದೇ ದಿನ ಯುರೋಪಿನ ಉತ್ತರ ಸಮುದ್ರದ ಬ್ರೆಂಟ್ ತೈಲ 25 ಡಾಲರ್‌ ಆಸುಪಾಸಿನಲ್ಲಿತ್ತು. ನಮಗೆ ಸಂಬಂಧಿಸಿದ್ದು ‘ಇಂಡಿಯನ್ ಬ್ಯಾಸ್ಕೆಟ್’, ಅಂದರೆ ಗಂಧಕ ಹೆಚ್ಚಿರುವ ಒಮಾನ್–ದುಬೈ ತೈಲಗಳನ್ನೂ ಗಂಧಕ ಕಡಿಮೆಯಿರುವ ಬ್ರೆಂಟನ್ನೂ ನಿಗದಿತ ಪ್ರಮಾಣದಲ್ಲಿ ಸೇರಿಸಿ ತೆಗೆದ ಸರಾಸರಿ ಬೆಲೆ. ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶದ ಪತ್ರಿಕೆಗಳು ಈ ಸರಾಸರಿಯನ್ನು ಬಿಟ್ಟು ಡಬ್ಲ್ಯುಟಿಐ ಅಂಕಿಯನ್ನು ಶೀರ್ಷಿಕೆ ಮಾಡುವುದು ನನಗೆ ಅರ್ಥವಾಗದ ಸಂಗತಿ.

ತೈಲ ಕಂಪನಿಗಳ ‘ಅಂಡರ್ ರಿಕವರಿ’ಯನ್ನು ನೇರವಾಗಿ ‘ನಷ್ಟ’ ಎಂದು ಬರೆಯುವುದನ್ನೂ ನಿಲ್ಲಿಸಬೇಕೆಂದು ಕೋರುತ್ತೇನೆ. ಅಂತರರಾಷ್ಟ್ರೀಯ ಬೆಲೆಯನ್ನು ಆಧಾರವಾಗಿಟ್ಟು ಲೆಕ್ಕಹಾಕಿದ, ಸಿಗಬೇಕಿದ್ದ ದರಕ್ಕೂ ನಿಜವಾಗಿ ಸಿಕ್ಕ ದರಕ್ಕೂ ಇರುವ ಅಂತರವೇ ಅಂಡರ್ ರಿಕವರಿ. ಅದು ಸಾವಿರಾರು ಕೋಟಿ ಇದ್ದ ವರ್ಷವೂ ಕಂಪನಿಯ ಲೆಕ್ಕಪತ್ರದಲ್ಲಿ ಲಾಭ ಇರಬಹುದು. ಪೆಟ್ರೋಲಿನ ದರ 2010ರಲ್ಲಿ, ಡೀಸೆಲ್ಲಿನದು 2014ರಲ್ಲಿ ಸರ್ಕಾರದ ಹಿಡಿತದಿಂದ ಬಿಡುಗಡೆಯಾದ ಮೇಲೂ ಚುನಾವಣೆಯ ಆಸುಪಾಸಿನಲ್ಲಿ ದರ ಅಲುಗಾಡದೆ ನಿಂತು, ಆಮೇಲೆ ಕಂಪನಿಗಳ ‘ನಷ್ಟ’ದ ಸುದ್ದಿ ಬರತೊಡಗಿದಾಗ, ಅದು ಯಾವ ನಷ್ಟ ಎಂದು ಕೇಳುವ ಹಕ್ಕು ಬಂಕಿನಲ್ಲಿ ಹಣ ಕೊಡುವವರಿಗೆ ಇದೆ. ಆ ಪ್ರಶ್ನೆಯನ್ನು ಅವರ ಪರವಾಗಿ ಮೊದಲು ಕೇಳಬೇಕಾದದ್ದು ಪತ್ರಿಕೆ. ‘ಕೊರತೆ ವಸೂಲಿ’ ಎಂದೋ ‘ದರದ ಅಂತರ’ ಎಂದೋ ಬರೆಯಬಹುದು. ನನಗೇನೋ ಎರಡನೆಯದು ಹೆಚ್ಚು ಒಪ್ಪುತ್ತದೆ.

ಕನ್ನಡದಲ್ಲಿ ಪದಗಳಿಲ್ಲವೆಂಬುದು ನನ್ನ ದೂರಲ್ಲ. ಸೀಮೆಎಣ್ಣೆ, ಡಾಂಬರು, ಬಂಕು, ಕೊಳವೆಮಾರ್ಗ, ದಾಸ್ತಾನು ಇವೆಲ್ಲ ಬಳಸಿ ಬಳಸಿ ಹದವಾದ ಪದಗಳು, ಅವು ಇರಲಿ. ರಿಗ್, ಮಡ್, ಬ್ಲೋಔಟ್, ಬ್ಯಾರೆಲ್‌ಗಳನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಅನಿಲ, ನಿಕ್ಷೇಪ, ಸ್ಫೋಟ, ನಷ್ಟ ಎಂಬ ನಾಲ್ಕು ಪದಗಳನ್ನು ಮಾತ್ರ ಈ ಉದ್ಯಮದ ಸುದ್ದಿಯಲ್ಲಿ ಕಂಡಾಗ ಉಪಸಂಪಾದಕರು ಒಮ್ಮೆ ತಡೆದು ನೋಡಲಿ. ನಿಮ್ಮ ಸುದ್ದಿಮನೆಗೆ ಉಪಯೋಗವಾಗುವುದಾದರೆ ಬಾವಿ ಕೊರೆಯುವುದರಿಂದ ಬಂಕಿನವರೆಗಿನ ಪದಗಳನ್ನು ಅರ್ಥಸಹಿತ ಬರೆದು ಕಳುಹಿಸಲು ನಾನು ಸಿದ್ಧನಿದ್ದೇನೆ. ಅದಕ್ಕೆ ಸಂಭಾವನೆ ಬೇಡ, ಹೆಸರು ಹಾಕುವುದೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಡ್ ಕೆಮಿಸ್ಟ್,
ಮಾಲೂರು, ಕೋಲಾರ ಜಿಲ್ಲೆ